ಬೀಗದ ಕೈ ಒಳಗೇ ಉಳಿದ ಮನೆ: ಲಿನಕ್ಸ್ ತನ್ನ ಡಿಸ್ಕ್ ಹುಡುಕಿದ ಮೂವತ್ತು ವರ್ಷದ ಕತೆ

ಕಳೆದ ಮಳೆಗಾಲದಲ್ಲಿ ನಮ್ಮ ಬಳಗದ ಕೋಣೆಯಲ್ಲಿದ್ದ ಹಳೇ ಕಂಪ್ಯೂಟರ್ ಒಂದು ಬೆಳಿಗ್ಗೆ ಮೇಲೇಳಲಿಲ್ಲ. ಅದಕ್ಕೂ ಮುಂಚೆ ಮೂರು ದಿನ ಊರಲ್ಲಿ ಕರೆಂಟ್ ಇರಲಿಲ್ಲ. ಬಂದ ಕೂಡಲೇ ಗುಂಡಿ ಒತ್ತಿದೆವು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಸರಸರ ಹರಿದು, ಕೊನೆಗೆ ಒಂದು ಸಾಲಿಗೆ ಬಂದು ನಿಂತುಬಿಟ್ಟವು: ‘ಕರ್ನಲ್ ಪ್ಯಾನಿಕ್ - ನಾಟ್ ಸಿಂಕಿಂಗ್: ವಿಎಫ್‌ಎಸ್: ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್ ಆನ್ ಅನ್‌ನೋನ್-ಬ್ಲಾಕ್(0,0)’.

ಆ ಕಂಪ್ಯೂಟರಿನಲ್ಲಿ 1972ರ ಬರದ ಬಗ್ಗೆ ಹನ್ನೊಂದು ಹಳ್ಳಿಗಳ ಹಿರಿಯರು ಮಾತಾಡಿದ ಧ್ವನಿಮುದ್ರಣಗಳಿದ್ದವು. ಗುಳೆ ಹೋದದ್ದು, ದನ ಮಾರಿದ್ದು, ಬರಗಾಲದ ಕಾಮಗಾರಿಯಲ್ಲಿ ಕಲ್ಲು ಒಡೆದು ಕೂಲಿ ಪಡೆದದ್ದು, ಎಲ್ಲ ಅವರದೇ ದನಿಯಲ್ಲಿ. ಮಾತಾಡಿದವರಲ್ಲಿ ನಾಲ್ವರು ಈಗ ಇಲ್ಲ. ಇನ್ನೊಂದು ಪ್ರತಿ ಇತ್ತೇ ಅಂದರೆ, ಇರಲಿಲ್ಲ. ನೀವು ಬೈಯಬಹುದು. ನಾವೇ ನಮ್ಮನ್ನು ಸಾಕಷ್ಟು ಬೈದುಕೊಂಡಿದ್ದೇವೆ.

ಪೇಟೆಯ ರಿಪೇರಿ ಅಂಗಡಿಗೆ ಒಯ್ದೆವು. ಅವರು ಪರದೆ ನೋಡಿದರು, ಒಮ್ಮೆ ಆಫ್ ಮಾಡಿ ಆನ್ ಮಾಡಿದರು. ‘ಡಿಸ್ಕ್ ಹೋಗೇತ್ರಿ ಸರ. ಫಾರ್ಮ್ಯಾಟ್ ಹೊಡದು ಹೊಸದಾಗಿ ಹಾಕಿಕೊಡ್ತೀನ್ರಿ. ಒಳಗಿಂದು ಬರಂಗಿಲ್ಲ’ ಅಂದರು. ಸಿಪಿಯು ಡಬ್ಬಿ ಹೊತ್ತುಕೊಂಡು ವಾಪಸ್ ಬಂದೆವು. ಫಾರ್ಮ್ಯಾಟ್ ಮಾಡುವುದಿದ್ದರೆ ನಾಳೆಯೂ ಮಾಡಬಹುದು, ಅದಕ್ಕೂ ಮುಂಚೆ ಆ ಸಾಲಿನ ಅರ್ಥವೇನು ಅಂತ ತಿಳಿಯೋಣ ಅನ್ನಿಸಿತು. ಅರ್ಥ ಹುಡುಕುತ್ತ ಹೋದವರು 1991ರ ಫಿನ್ಲೆಂಡಿಗೆ ಹೋಗಿ ಮುಟ್ಟಿದೆವು.

ಮೊದಲು ಸಮಸ್ಯೆ ಏನು ಅಂತ ಹೇಳಿಬಿಡುತ್ತೇವೆ. ಲಿನಕ್ಸ್ ಅನ್ನುವುದು ಕರ್ನಲ್, ಅಂದರೆ ತಿರುಳು. ಕಂಪ್ಯೂಟರಿನ ಮೆಮೊರಿ, ಡಿಸ್ಕ್, ಪರದೆ, ಕೀಲಿಮಣೆ ಎಲ್ಲವನ್ನೂ ನಡೆಸುವ ಒಳಗಿನ ಯಜಮಾನ. ನಿಮ್ಮ ಕೈಯಲ್ಲಿರುವುದು ಆಂಡ್ರಾಯ್ಡ್ ಫೋನ್ ಆದರೆ ಅದರೊಳಗೂ ಇರುವುದು ಲಿನಕ್ಸ್ ಕರ್ನಲ್ಲೇ. ಯಂತ್ರ ಆನ್ ಆದಾಗ ಬಯೋಸ್ ಎಂಬ ಸಣ್ಣ ತಂತ್ರಾಂಶ, ಅದರ ಹಿಂದೆ ಬೂಟ್‌ಲೋಡರ್ ಎಂಬ ಇನ್ನೊಂದು, ಎರಡೂ ಸೇರಿ ಕರ್ನಲ್ಲನ್ನು ಎತ್ತಿ ಮೆಮೊರಿಗೆ ತಂದು ಹಾಕುತ್ತವೆ. ಮದುಮಗಳನ್ನು ಹೊಸ್ತಿಲವರೆಗೆ ತಂದು ಬಿಟ್ಟು ಗಾಡಿ ವಾಪಸ್ ಹೋದ ಹಾಗೆ, ಅಲ್ಲಿಂದ ಮುಂದೆ ಕರ್ನಲ್ ತಾನೇ ಒಳಗೆ ಹೋಗಬೇಕು. ಮೊದಲ ಕೆಲಸ ‘ರೂಟ್’ ಅನ್ನು, ಅಂದರೆ ಉಳಿದೆಲ್ಲ ಕಡತಗಳಿರುವ ಡಿಸ್ಕಿನ ಭಾಗವನ್ನು, ಹುಡುಕಿ ತೆರೆಯುವುದು. ತೆರೆಯಲು ಎರಡು ವಿದ್ಯೆ ಬೇಕು. ಡಿಸ್ಕ್ ಜೋತುಬಿದ್ದಿರುವ ಚಿಪ್ಪಿನ ಜೊತೆ ಮಾತಾಡುವ ಡ್ರೈವರ್ ಒಂದು, ಡಿಸ್ಕಿನಲ್ಲಿ ಕಡತಗಳನ್ನು ಜೋಡಿಸಿಟ್ಟಿರುವ ಕ್ರಮ, ಅಂದರೆ ಫೈಲ್ ಸಿಸ್ಟಮ್, ಓದುವ ವಿದ್ಯೆ ಇನ್ನೊಂದು. ಈ ಎರಡು ವಿದ್ಯೆಗಳೂ ಕಡತಗಳಾಗಿ ಆ ಡಿಸ್ಕಿನೊಳಗೇ ಕೂತಿದ್ದರೆ? ಬೀಗದ ಕೈ ಒಳಗಿಟ್ಟು ಬಾಗಿಲು ಎಳೆದುಕೊಂಡ ಮನೆ.

1991ರ ಜನವರಿಯಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಕಂತಿನ ಮೇಲೆ ಒಂದು 386 ಕಂಪ್ಯೂಟರ್ ಕೊಂಡ. ವಯಸ್ಸು 21. ಅದಕ್ಕೆ ಮಿನಿಕ್ಸ್ ಹಾಕಿಕೊಂಡ. ಅದು ಆಂಡ್ರ್ಯೂ ಟನೆನ್‌ಬಾಮ್ ಎಂಬ ಪ್ರಾಧ್ಯಾಪಕರು ಪಾಠಕ್ಕೆಂದು ಬರೆದಿದ್ದ ವ್ಯವಸ್ಥೆ. ಅದರ ಮೇಲೆ ಕೂತು ತನ್ನದೇ ಒಂದನ್ನು ಬರೆಯತೊಡಗಿದ. ಆಗಸ್ಟ್ 25ರಂದು ಮಿನಿಕ್ಸ್ ಬಳಕೆದಾರರಿಗೆ ಒಂದು ಪತ್ರ ಹಾಕಿ, ಇದು ಬರೀ ಹವ್ಯಾಸ, ಎಟಿ ಹಾರ್ಡ್ ಡಿಸ್ಕ್ ಬಿಟ್ಟು ಬೇರೆ ಡಿಸ್ಕ್‌ಗೆ ಬಹುಶಃ ಎಂದೂ ಹೊಂದುವುದಿಲ್ಲ, ಯಾಕೆಂದರೆ ನನ್ನ ಹತ್ತಿರ ಇರುವುದು ಅಷ್ಟೇ ಎಂಬರ್ಥದಲ್ಲಿ ಬರೆದ. ಈ ಕತೆಯ ತಲೆನೋವೆಲ್ಲ ಆ ಒಂದು ಮಾತಿನಿಂದಲೇ ಶುರುವಾಗುತ್ತದೆ ಅಂತ ನಮ್ಮ ಅಭಿಪ್ರಾಯ.

ಸೆಪ್ಟೆಂಬರಿನಲ್ಲಿ ಬಂದ 0.01 ಆವೃತ್ತಿಯಲ್ಲಿ ಒಂದು ಕಾನ್ಫಿಗರೇಶನ್ ಕಡತವಿತ್ತು. ಕಾನ್ಫಿಗರೇಶನ್ ಅಂದರೆ ಈ ಯಂತ್ರಕ್ಕೆ ಏನೇನು ಬೇಕು ಎಂಬ ಪಟ್ಟಿ. ಅದರಲ್ಲಿ ಎರಡೇ ಆಯ್ಕೆ. ಒಂದು ಲಿನಸ್‌ನ ಮನೆಯ ಹಾರ್ಡ್ ಡಿಸ್ಕ್, ಇನ್ನೊಂದು ಅವನ ಗೆಳೆಯನದು. ಡಿಸ್ಕಿಗೆ ಎಷ್ಟು ತಲೆ, ಎಷ್ಟು ಸುತ್ತು ಎಂಬುದನ್ನೂ ಕರ್ನಲ್ ಒಳಗೇ ಬರೆದಿಟ್ಟಿದ್ದರು. ಜಗತ್ತಿನ ಮೂರನೆಯ ಮನುಷ್ಯ ಇದನ್ನು ಓಡಿಸಬೇಕೆಂದರೆ ಆ ಕಡತ ತೆರೆದು ತನ್ನ ಡಿಸ್ಕಿನ ಲೆಕ್ಕ ತಾನೇ ಬರೆದುಕೊಳ್ಳಬೇಕಿತ್ತು.

ರೂಟ್ ಎಲ್ಲಿದೆ ಅಂತ ಹೇಳಲು ಲಿನಸ್ ಬರೆದಿದ್ದ ಸಂಖ್ಯೆ 306. ಇದರಲ್ಲಿ 3 ಎಂಬುದು ಜಾತಿ: ಹಾರ್ಡ್ ಡಿಸ್ಕ್. 06 ಎಂಬುದು ಆ ಜಾತಿಯೊಳಗಿನ ಮನೆ ನಂಬರ್: ಎರಡನೇ ಡಿಸ್ಕಿನ ಮೊದಲ ಭಾಗ. ಹೀಗೆ ಜಾತಿಗೊಂದು, ಮನೆಗೊಂದು ಎಂದು ಎರಡು ಸಂಖ್ಯೆಯಲ್ಲಿ ಡಿಸ್ಕಿನ ವಿಳಾಸ ಹೇಳುವ ಪದ್ಧತಿ ಯುನಿಕ್ಸ್ ಕಾಲದ್ದು, ಲಿನಕ್ಸ್‌ನಲ್ಲಿ ಇವತ್ತಿಗೂ ಉಳಿದಿದೆ. ಇದನ್ನು ಓದಿದಾಗ ನಾವು ನಮ್ಮ ಪರದೆಯ ಕೊನೆಯ ಸಾಲನ್ನು ಮತ್ತೆ ನೋಡಿದೆವು. ಅನ್‌ನೋನ್-ಬ್ಲಾಕ್(0,0). ಅದೂ ವಿಳಾಸವೇ! ಜಾತಿ ಸೊನ್ನೆ, ಮನೆ ಸೊನ್ನೆ. ಅಂದರೆ ಕರ್ನಲ್‌ಗೆ ಡಿಸ್ಕ್ ಕೆಟ್ಟಿದೆ ಅಂತ ಗೊತ್ತಾಗಿರಲಿಲ್ಲ. ಡಿಸ್ಕ್ ಒಂದಿದೆ ಅಂತಲೇ ಗೊತ್ತಾಗಿರಲಿಲ್ಲ.

ಇದು ಸಣ್ಣ ವ್ಯತ್ಯಾಸವಲ್ಲ. ಆವರಣದಲ್ಲಿ (8,1) ಅಂತಿದ್ದಿದ್ದರೆ ಕತೆ ಬೇರೆ. 8 ಅಂದರೆ ಈಗಿನ ಎಸ್‌ಡಿಎ ಎಂಬ ಹೆಸರಿನ ಡಿಸ್ಕ್‌ಗಳ ಜಾತಿ, 1 ಅಂದರೆ ಅದರ ಮೊದಲ ಭಾಗ. ಹಾಗೆ ಬಂದರೆ ಮನೆ ಸಿಕ್ಕಿತು, ಬಾಗಿಲು ತೆರೆಯಲಿಲ್ಲ ಎಂದರ್ಥ. ಫೈಲ್ ಸಿಸ್ಟಮ್ ಓದುವ ವಿದ್ಯೆ ಕರ್ನಲ್ ಒಳಗೆ ಇಲ್ಲ, ಇಲ್ಲವೇ ಫೈಲ್ ಸಿಸ್ಟಮ್ಮೇ ಕೆಟ್ಟಿದೆ. (0,0) ಬಂದರೆ ಓಣಿಯೇ ಸಿಗಲಿಲ್ಲ: ಡ್ರೈವರ್ ಇಲ್ಲ, ಅಥವಾ ಕೊಟ್ಟ ಹೆಸರು ತಪ್ಪು, ಅಥವಾ ವೈರ್ ಬಿಚ್ಚಿದೆ, ಅಥವಾ ನಿಜವಾಗಿಯೂ ಡಿಸ್ಕ್ ಸತ್ತಿದೆ. ನಾಲ್ಕರಲ್ಲಿ ಕೊನೆಯದು ಒಂದು ಮಾತ್ರ. ‘ನಾಟ್ ಸಿಂಕಿಂಗ್’ ಎಂಬ ಮಾತಿಗೂ ಹೆದರಬೇಕಿಲ್ಲ. ಗಾಬರಿಯ ಹೊತ್ತಲ್ಲಿ ಮೆಮೊರಿಯಲ್ಲಿರುವುದನ್ನು ಡಿಸ್ಕಿಗೆ ಬರೆಯಲು ಹೋಗುವುದಿಲ್ಲ ಅಂತ ಕರ್ನಲ್ ಹೇಳುತ್ತಿದೆ, ಅಷ್ಟೇ.

ಗಾಬರಿಯಲ್ಲಿ ಡಿಸ್ಕಿಗೆ ಬರೆದರೆ ಏನಾಗುತ್ತದೆ ಅಂತ ಲಿನಸ್‌ಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಕ್ಕಿಲ್ಲ. 1991ರ ಕೊನೆಯ ಹೊತ್ತಿಗೆ ಅವನು ಮೋಡೆಮ್‌ಗೆ ಹೋಗಬೇಕಿದ್ದ ಡಯಲ್ ಆಜ್ಞೆಯನ್ನು ಕೈತಪ್ಪಿ ಹಾರ್ಡ್ ಡಿಸ್ಕಿಗೆ ಕಳಿಸಿಬಿಟ್ಟ. ಎರಡಕ್ಕೂ ಕೊಡುವ ಹೆಸರು ಸಾಲಿನಲ್ಲಿ ಹತ್ತಿರ ಹತ್ತಿರ. ಫೋನ್ ನಂಬರ್ ಹೋಗಿ ಮಿನಿಕ್ಸ್ ಇದ್ದ ಭಾಗದ ಮೇಲೆ ಕೂತಿತು, ಮಿನಿಕ್ಸ್ ನಾಶವಾಯಿತು. ಮತ್ತೆ ಮಿನಿಕ್ಸ್ ಹಾಕುವ ಬದಲು ಇನ್ನು ತನ್ನದನ್ನೇ ಬಳಸುತ್ತೇನೆ ಅಂತ ಅವನು ನಿರ್ಧರಿಸಿದ. ಇವತ್ತು ಕೋಟಿಗಟ್ಟಲೆ ಫೋನುಗಳಲ್ಲಿರುವ ವ್ಯವಸ್ಥೆ ಸ್ವಂತ ಕಾಲ ಮೇಲೆ ನಿಂತದ್ದರ ಹಿಂದೆ ಒಂದು ಡಿಸ್ಕ್ ಹಾಳಾದ ಪ್ರಸಂಗವೂ ಇದೆ.

ಮುಂದಿನ ನಾಲ್ಕೈದು ವರ್ಷ ಬೇರೆ ಬೇರೆ ಜನರ ಬೇರೆ ಬೇರೆ ಡಿಸ್ಕ್‌ಗಳು ಬಂದು ಸೇರಿದವು. ಮಿನಿಕ್ಸ್‌ನಿಂದ ಎರವಲು ತಂದ ಫೈಲ್ ಸಿಸ್ಟಮ್ಮಿನಲ್ಲಿ ಒಂದು ಭಾಗ 64 ಎಂಬಿ ದಾಟುವಂತಿರಲಿಲ್ಲ, ಕಡತದ ಹೆಸರು 14 ಅಕ್ಷರ ಮೀರುವಂತಿರಲಿಲ್ಲ. 1992ರಲ್ಲಿ ಫ್ರಾನ್ಸಿನ ರೆಮಿ ಕಾರ್ಡ್ ‘ಎಕ್ಸ್‌ಟ್’ ಬರೆದರು, 1993ರಲ್ಲಿ ‘ಎಕ್ಸ್‌ಟ್2’ ಬಂತು. ಆಮೇಲೆ 3, 4. ನಮ್ಮ ಕಂಪ್ಯೂಟರಿನಲ್ಲಿದ್ದದ್ದು ಎಕ್ಸ್‌ಟ್4, ಆ ಮನೆತನದ ಕೊನೆಯ ಕುಡಿ.

ಕಾನ್ಫಿಗರೇಶನ್ ಕೂಡ ಬೆಳೆಯಿತು. ಎರಡು ಮನೆಯ ಆಯ್ಕೆ ಹೋಗಿ, ಪ್ರಶ್ನೆ ಕೇಳುವ ಒಂದು ಸ್ಕ್ರಿಪ್ಟ್ ಬಂತು. ‘ಮೇಕ್ ಕಾನ್ಫಿಗ್’ ಅಂತ ಒತ್ತಿದರೆ ಜನಗಣತಿಯವರ ಹಾಗೆ ಒಂದರ ಹಿಂದೊಂದು ಕೇಳುತ್ತದೆ. ಈ ಡಿಸ್ಕ್ ಇದೆಯೇ, ಆ ಕಾರ್ಡ್ ಇದೆಯೇ, ಈ ಫೈಲ್ ಸಿಸ್ಟಮ್ ಬೇಕೇ. ನಡುವೆ ಒಂದು ಉತ್ತರ ತಪ್ಪಿದರೆ ಹಿಂದಕ್ಕೆ ಹೋಗುವಂತಿಲ್ಲ, ಮೊದಲಿಂದ ಶುರು. ಎಲ್ಲ ಮುಗಿಸಿ ಕಂಪೈಲ್‌ಗೆ ಹಾಕಿದರೆ ಆಗಿನ ಯಂತ್ರಗಳಲ್ಲಿ ಗಂಟೆಗಟ್ಟಲೆ. ಆಮೇಲೆ ಆನ್ ಮಾಡಿದಾಗ ಪ್ಯಾನಿಕ್ ಬಂದರೆ ಮತ್ತೆ ಪ್ರಶ್ನೆ ಒಂದರಿಂದ. ರೂಟ್ ಭಾಗದ ವಿಳಾಸವನ್ನು ಕರ್ನಲ್ ಕಡತದೊಳಗೆ 508ನೇ ಬೈಟಿನ ಜಾಗದಲ್ಲಿ ಎರಡು ಬೈಟಾಗಿ ಬರೆದಿಡುತ್ತಿದ್ದರು. ಅದನ್ನು ತಿದ್ದಲಿಕ್ಕೆಂದೇ ‘ಆರ್‌ಡೆವ್’ ಎಂಬ ಸಣ್ಣ ಉಪಕರಣವಿತ್ತು.

ಪ್ರಶ್ನೆಗಳಿಗೆ ವೈ, ಎನ್ ಎಂಬ ಎರಡು ಉತ್ತರದ ಜೊತೆ ತೊಂಬತ್ತರ ದಶಕದ ನಡುವಿಗೆ ಮೂರನೆಯದು ಸೇರಿತು: ಎಂ. ಎಂ ಅಂದರೆ ಮಾಡ್ಯೂಲ್. ಡ್ರೈವರ್ ಬೇಕು, ಆದರೆ ಕರ್ನಲ್ ಹೊಟ್ಟೆಯೊಳಗೆ ಬೇಡ, ಪ್ರತ್ಯೇಕ ಕಡತವಾಗಿ ಪಕ್ಕದಲ್ಲಿರಲಿ, ಬೇಕಾದಾಗ ಕರೆದುಕೊಳ್ಳೋಣ. ಒಳ್ಳೆಯ ಉಪಾಯ, ಕರ್ನಲ್ ಹಗುರಾಯಿತು. ಆದರೆ ಬೀಗದ ಕೈ ಒಳಗುಳಿದದ್ದೂ ಇಲ್ಲಿಯೇ. ರೂಟ್ ಡಿಸ್ಕಿನ ಡ್ರೈವರಿಗೇ ಎಂ ಅಂತ ಉತ್ತರಿಸಿದರೆ ಆ ಮಾಡ್ಯೂಲ್ ಹೋಗಿ ಕೂರುವುದು ಅದೇ ಡಿಸ್ಕಿನಲ್ಲಿ. ಅದನ್ನು ಓದಲು ಡ್ರೈವರ್ ಬೇಕು, ಡ್ರೈವರ್ ಪಡೆಯಲು ಅದನ್ನು ಓದಬೇಕು. ಸ್ವಂತವಾಗಿ ಕರ್ನಲ್ ಕಟ್ಟಿಕೊಳ್ಳಲು ಹೋದ ಎಷ್ಟೋ ಜನರು ಮೊದಲ ಸಲ ಬಿದ್ದದ್ದು ಈ ಗುಂಡಿಗೆ, ಇವತ್ತಿಗೂ ಬೀಳುತ್ತಾರೆ.

ಭಾರತದಲ್ಲಿ ತುಂಬ ಜನ ಲಿನಕ್ಸ್ ಮುಖ ಮೊದಲು ನೋಡಿದ್ದು ಇದೇ ಕಾಲದಲ್ಲಿ. 1996ರಲ್ಲಿ ಪಿಸಿಕ್ವೆಸ್ಟ್ ಪತ್ರಿಕೆ ಲಿನಕ್ಸ್ ಇದ್ದ ಸಿಡಿಯನ್ನು ಓದುಗರಿಗೆ ಹಂಚಿತು. ಅದರ ಹಿಂದಿದ್ದವರು ಬೆಂಗಳೂರಿನ ಅತುಲ್ ಚಿಟ್ನಿಸ್. ಆಗ ಇಂಟರ್ನೆಟ್‌ನಿಂದ ಇಳಿಸಿಕೊಳ್ಳುವ ಮಾತೇ ಇರಲಿಲ್ಲ. 2001ರಿಂದ ಬೆಂಗಳೂರಿನಲ್ಲಿ ನಡೆದ ‘ಲಿನಕ್ಸ್ ಬೆಂಗಳೂರು’ ಸಮ್ಮೇಳನಗಳ ಹಿಂದೆಯೂ ಅವರಿದ್ದರು. 2013ರಲ್ಲಿ ತೀರಿಕೊಂಡರು.

ಅದೇ 1996ರಲ್ಲಿ ವರ್ನರ್ ಆಲ್ಮೆಸ್‌ಬರ್ಗರ್ ಮತ್ತು ಹಾನ್ಸ್ ಲೆರ್ಮೆನ್ ಎಂಬ ಇಬ್ಬರು ಬೀಗದ ಕೈಗೆ ದಾರಿ ಕಂಡುಹಿಡಿದರು. ಬೂಟ್‌ಲೋಡರ್ ಹೇಗೂ ಕರ್ನಲ್ಲನ್ನು ಹೊಸ್ತಿಲವರೆಗೆ ತರುತ್ತದಲ್ಲ, ಅದರ ಕೈಯಲ್ಲೇ ಒಂದು ಸಣ್ಣ ಗಂಟೂ ಕೊಟ್ಟು ಕಳಿಸಿದರೆ? ಆ ಗಂಟಿನಲ್ಲಿ ಡ್ರೈವರ್‌ಗಳು, ಒಂದೆರಡು ಉಪಕರಣ. ಕರ್ನಲ್ ಮೊದಲು ಗಂಟನ್ನು ಮೆಮೊರಿಯಲ್ಲಿ ಬಿಚ್ಚಿಕೊಂಡು, ಅದನ್ನೇ ತಾತ್ಕಾಲಿಕ ಮನೆ ಮಾಡಿಕೊಂಡು, ಅದರೊಳಗಿನ ಡ್ರೈವರ್ ಬಳಸಿ ನಿಜವಾದ ಡಿಸ್ಕ್ ತೆರೆದು, ಆಮೇಲೆ ಅಲ್ಲಿಗೆ ವಾಸ ಬದಲಿಸುತ್ತದೆ. ಹೆಸರು ‘ಇನಿಟ್‌ಆರ್‌ಡಿ’. 2002ರ ಕೊನೆಗೆ ಅದರ ಸುಧಾರಿತ ರೂಪ ‘ಇನಿಟ್‌ರಾಮ್‌ಎಫ್‌ಎಸ್’ ಬಂತು. ಇವತ್ತು ಉಬುಂಟು, ಡೆಬಿಯನ್, ಫೆಡೋರಾ ಯಾವುದನ್ನು ಹಾಕಿದರೂ ಹತ್ತಾರು ಬಗೆಯ ಡಿಸ್ಕ್‌ಗಳ ಮೇಲೆ ಅದು ತಾನಾಗಿ ಏಳುವುದು ಈ ಗಂಟಿನ ದೆಸೆಯಿಂದ. (ಬೂಟ್‌ಲೋಡರ್‌ಗಳ ಪೈಕಿ ಆಗ ಮನೆಮಾತಾಗಿದ್ದ ‘ಲಿಲೊ’ ಬರೆದವರೂ ಈ ಆಲ್ಮೆಸ್‌ಬರ್ಗರೇ. ಅದು ಮುಂದುವರಿದ ಹಾಗೆ ತನ್ನ ಹೆಸರಿನ ಒಂದೊಂದೇ ಅಕ್ಷರ ಪರದೆಗೆ ಬರೆಯುತ್ತಿತ್ತು. ‘ಎಲ್‌ಐ’ ಅಂತ ಬರೆದು ಸುಮ್ಮನಾದರೆ ಎಲ್ಲಿ ಸಿಕ್ಕಿಬಿತ್ತು ಅಂತ ಬಲ್ಲವರಿಗೆ ಗೊತ್ತಾಗುತ್ತಿತ್ತು.)

ಈ ಪ್ರಶ್ನಾವಳಿಯ ಬಗ್ಗೆ 2002ರಲ್ಲಿ ಒಂದು ದೊಡ್ಡ ಜಗಳವೂ ಆಯಿತು. ಎರಿಕ್ ರೇಮಂಡ್ ಎಂಬ ಹೆಸರುವಾಸಿ ಪ್ರೋಗ್ರಾಮರ್ ಕಾನ್ಫಿಗರೇಶನ್ ವ್ಯವಸ್ಥೆಯನ್ನೇ ಹೊಸದಾಗಿ ಬರೆದಿದ್ದರು. ಟಿಲ್ಲಿ ಅತ್ತೆ ಎಂಬ ಒಬ್ಬ ಕಾಲ್ಪನಿಕ ಹೆಂಗಸನ್ನು ಮುಂದಿಟ್ಟು, ಕಂಪ್ಯೂಟರ್ ವಿದ್ಯೆಯಿಲ್ಲದ ಆಕೆಯೂ ಕರ್ನಲ್ ಕಟ್ಟಿಕೊಳ್ಳುವಷ್ಟು ಇದು ಸುಲಭವಾಗಬೇಕು ಅಂತ ವಾದಿಸಿದರು. ಟಿಲ್ಲಿ ಅತ್ತೆ ಯಾಕೆ ಕರ್ನಲ್ ಕಟ್ಟಬೇಕು, ಕಟ್ಟಿದ್ದನ್ನು ಬಳಸಿದರೆ ಸಾಲದೇ ಅಂತ ಉಳಿದವರು ಕೇಳಿದರು. ರೇಮಂಡ್ ಬರೆದದ್ದು ಮೂಲೆಗೆ ಬಿತ್ತು. ಆ ವರ್ಷದ ಅಕ್ಟೋಬರಿನಲ್ಲಿ ರೋಮನ್ ಜಿಪ್ಪೆಲ್ ಬರೆದ, ಇನ್ನೂ ಸರಳವಾದ ವ್ಯವಸ್ಥೆ ಒಳಗೆ ಸೇರಿತು, ಈಗಲೂ ಅದೇ ನಡೆದಿದೆ. ಈಗ ಆಯ್ಕೆಗಳ ಸಂಖ್ಯೆ ಹತ್ತು ಸಾವಿರ ಮೀರಿದೆ. ನಮ್ಮನ್ನು ಕೇಳಿದರೆ ಇಬ್ಬರೂ ಅರ್ಧರ್ಧ ಸರಿ. ಕಟ್ಟಬೇಕಾದ್ದಿಲ್ಲ ನಿಜ, ಆದರೆ ಕೆಟ್ಟಾಗ ಓದಿ ತಿಳಿಯುವ ಹಾಗಾದರೂ ಇರಬೇಕಲ್ಲ.

2006–07ರ ಸುಮಾರಿಗೆ ಇನ್ನೊಂದು ಗಲಾಟೆ. ಅಲ್ಲಿಯವರೆಗೆ ಮನೆಬಳಕೆಯ ಡಿಸ್ಕ್‌ಗೆ ಎಚ್‌ಡಿಎ ಎಂಬ ಹೆಸರಿತ್ತು, ಜಾತಿ ಸಂಖ್ಯೆ 3, ಅದೇ ಲಿನಸ್‌ನ 306ರ ವಂಶ. ಹೊಸ ಡ್ರೈವರ್‌ಗಳು ಬಂದಾಗ ಅದೇ ಡಿಸ್ಕ್ ಎಸ್‌ಡಿಎ ಆಯಿತು, ಜಾತಿ 8. ಡಿಸ್ಕ್ ಅಲುಗಾಡಿಲ್ಲ, ವೈರ್ ಬದಲಾಗಿಲ್ಲ, ಹೆಸರು ಮಾತ್ರ ಬದಲು. ಅಪ್‌ಡೇಟ್ ಮಾಡಿ ಎಬ್ಬಿಸಿದರೆ ಹಳೇ ಹೆಸರಿನ ಮನೆ ಹುಡುಕಿ ಕರ್ನಲ್ ಕಂಗಾಲು. ಪೆನ್‌ಡ್ರೈವ್ ಸಿಕ್ಕಿಸಿ ಆನ್ ಮಾಡಿದರೂ ಎ, ಬಿ ಎಂಬ ಸರದಿ ಅದಲುಬದಲಾಗುವ ಸಾಧ್ಯತೆ ಬೇರೆ. ಆದ್ದರಿಂದ ಯುಯುಐಡಿ ಎಂಬ ಉದ್ದನೆಯ ಗುರುತಿನ ಸಂಖ್ಯೆ ಬಳಕೆಗೆ ಬಂತು. ಓಣಿಯಲ್ಲಿ ಎಷ್ಟನೇ ಮನೆ ಅಂತ ಕೇಳುವ ಬದಲು ಆಧಾರ್ ಸಂಖ್ಯೆ ಕೇಳಿದ ಹಾಗೆ. ಇದರಲ್ಲೂ ಒಂದು ಕೊಕ್ಕೆ ಇದೆ. ಫೈಲ್ ಸಿಸ್ಟಮ್ಮಿನ ಯುಯುಐಡಿ ಓದಿ ಹುಡುಕುವುದು ಆ ಗಂಟಿನೊಳಗಿನ ಉಪಕರಣಗಳ ಕೆಲಸ, ಬರಿಗೈ ಕರ್ನಲ್‌ಗೆ ಅದು ಬಾರದು. ಗಂಟು ಇಲ್ಲದೆ ಯುಯುಐಡಿ ಕೊಟ್ಟರೆ ಮತ್ತೆ (0,0). ಪಾರ್ಟಿಶನ್ನಿನದೇ ಆದ ಪಾರ್ಟ್‌ಯುಯುಐಡಿ ಕೊಟ್ಟರೆ ಮಾತ್ರ ಕರ್ನಲ್ ತಾನೇ ಹುಡುಕಬಲ್ಲದು.

ಇಷ್ಟು ಓದಿದ ಮೇಲೆ ನಮ್ಮ ಕಂಪ್ಯೂಟರ್ ಕಡೆ ತಿರುಗಿದೆವು. ಪರದೆಯ ಕೊನೆಯ ಸಾಲಿನ ಸ್ವಲ್ಪ ಮೇಲೆ ಕರ್ನಲ್ ತನಗೆ ಕಂಡ ಡಿಸ್ಕ್ ಭಾಗಗಳ ಪಟ್ಟಿ ಬರೆದಿರುತ್ತದೆ. ನಮ್ಮದರಲ್ಲಿ ಪಟ್ಟಿ ಖಾಲಿ. ಆಗ ನೆನಪಾದದ್ದು ಬಳಗದ ಗೆಳೆಯನೊಬ್ಬ ಎರಡು ವರ್ಷದ ಹಿಂದೆ ಮಾಡಿದ್ದ ಕೆಲಸ. ಕಂಪ್ಯೂಟರ್ ನಿಧಾನವೆಂದು ‘ಲೋಕಲ್‌ಮಾಡ್‌ಕಾನ್ಫಿಗ್’ ಎಂಬ ಸೌಲಭ್ಯ ಬಳಸಿ ಕರ್ನಲ್ ಕಟ್ಟಿದ್ದ. ಅದು ಆ ಹೊತ್ತಿಗೆ ಬಳಕೆಯಲ್ಲಿರುವ ಮಾಡ್ಯೂಲ್‌ಗಳನ್ನಷ್ಟೇ ಉಳಿಸಿ ಮಿಕ್ಕದ್ದನ್ನು ತೆಗೆದುಹಾಕುತ್ತದೆ. ಉಳಿದ ಡಿಸ್ಕ್ ಡ್ರೈವರಿಗೆ ಎಂ ಬದಲು ವೈ ಕೊಟ್ಟು, ಗಂಟೂ ಬೇಡವೆಂದು ಬಿಟ್ಟಿದ್ದ. ಡಿಸ್ಕಿನಲ್ಲಿ ಜಾಗ ಕಮ್ಮಿ ಅಂತ ಮೊದಲಿದ್ದ ಕರ್ನಲ್ಲನ್ನೂ ಅಳಿಸಿದ್ದ. ಫೋನ್ ಮಾಡಿದರೆ, ‘ಎರಡು ವರ್ಷ ಓಡೇತಲ್ಲೋ, ಈಗ ಯಾಕ ನಿಲ್ಲತೈತಿ?’ ಅಂದ. ಪ್ರಶ್ನೆ ನ್ಯಾಯವಾದದ್ದೇ.

ಮೊದಲು ಪೆನ್‌ಡ್ರೈವ್‌ನಿಂದ ಓಡುವ ಲಿನಕ್ಸ್ ಹಾಕಿ ಎಬ್ಬಿಸಿದೆವು. ಅದರಲ್ಲಿ ಎಲ್ಲ ಬಗೆಯ ಡ್ರೈವರ್ ಇರುತ್ತದೆ. ಡಿಸ್ಕ್ ಕಂಡಿತು. ಬರೆಯುವ ಅವಕಾಶ ಕೊಡದೆ, ಓದಲಿಕ್ಕೆ ಮಾತ್ರ ಅಂತ ತೆರೆದೆವು. ಫೋಲ್ಡರ್ ಇತ್ತು. ಒಂದು ಕಡತ ಒತ್ತಿದಾಗ ಅಜ್ಜಿಯೊಬ್ಬರು ಕೆಮ್ಮಿ, ‘ಏನ್ ಹೇಳಲೋ ತಮ್ಮಾ’ ಅಂತ ಮಾತು ಶುರುಮಾಡಿದರು. ಆ ಸಂಜೆ ಬೇರೇನೂ ಮಾಡಲಿಲ್ಲ, ಎಲ್ಲವನ್ನೂ ಇನ್ನೊಂದು ಡಿಸ್ಕಿಗೆ ನಕಲು ಹಾಕುತ್ತ ಕೂತೆವು.

ಕಾರಣ ಸಿಕ್ಕಿದ್ದು ಮರುದಿನ. ಬಯೋಸ್ ತೆರೆದರೆ ತಾರೀಕು 2009ರ ಜನವರಿ 1 ತೋರಿಸುತ್ತಿತ್ತು. ಮದರ್‌ಬೋರ್ಡಿನಲ್ಲಿ ನಾಣ್ಯದಂಥ ಒಂದು ಸೆಲ್ ಇರುತ್ತದೆ, ಕರೆಂಟ್ ಇಲ್ಲದಾಗ ಗಡಿಯಾರವನ್ನೂ ಬಯೋಸ್ ಸೆಟ್ಟಿಂಗ್‌ಗಳನ್ನೂ ಕಾಯುವುದು ಅದೇ. ಮೊದಲೇ ಸೊರಗಿದ್ದ ಸೆಲ್ ಮೂರು ದಿನ ಕರೆಂಟ್ ಇಲ್ಲದೆ ಪೂರ್ತಿ ಖಾಲಿಯಾಗಿತ್ತು. ಬಯೋಸ್ ಎಲ್ಲ ಮರೆತು ಕಾರ್ಖಾನೆಯ ಸೆಟ್ಟಿಂಗ್‌ಗೆ ಮರಳಿತ್ತು. ಅದರಲ್ಲಿ ಡಿಸ್ಕ್ ಸಂಪರ್ಕದ ವಿಧಾನವೂ ಒಂದು: ಎಎಚ್‌ಸಿಐ ಎಂದಿದ್ದದ್ದು ಹಳೇ ಐಡಿಇ ಆಗಿತ್ತು. ಎರಡಕ್ಕೂ ಬೇರೆ ಬೇರೆ ಡ್ರೈವರ್. ಗೆಳೆಯ ಕಟ್ಟಿದ ಕರ್ನಲ್ಲಿನಲ್ಲಿದ್ದದ್ದು ಎಎಚ್‌ಸಿಐ ಒಂದೇ. ಡಿಸ್ಕ್ ಅಲ್ಲೇ ಇತ್ತು, ಅದರ ಭಾಷೆ ರಾತ್ರೋರಾತ್ರಿ ಬದಲಾಗಿತ್ತು.

ವಾಚ್ ಅಂಗಡಿಯಿಂದ ಸಿಆರ್2032 ಸೆಲ್ ತಂದು ಹಾಕಿ, ಬಯೋಸ್‌ನಲ್ಲಿ ಎಎಚ್‌ಸಿಐ ಮಾಡಿ, ತಾರೀಕು ಸರಿಪಡಿಸಿದೆವು. ಎದ್ದು ನಿಂತಿತು. ಆಮೇಲೆ ಗಂಟು ಸಮೇತ ಬರುವ ಮಾಮೂಲಿ ಕರ್ನಲ್ಲನ್ನೂ ಹಾಕಿ, ಎರಡೂ ಮೆನುವಿನಲ್ಲಿ ಕಾಣುವಂತೆ ಮಾಡಿದೆವು. ಒಂದು ಏಳದಿದ್ದರೆ ಇನ್ನೊಂದು. ಆಂಡ್ರಾಯ್ಡ್ ಫೋನುಗಳಲ್ಲೂ 2016ರ ಏಳನೇ ಆವೃತ್ತಿಯಿಂದ ಇಂಥದೇ ಏರ್ಪಾಡು ಬಂದಿದೆ. ಇದನ್ನು ಅಳವಡಿಸಿರುವ ಫೋನುಗಳಲ್ಲಿ ವ್ಯವಸ್ಥೆಗೆ ಎರಡು ಜಾಗ ಇರುತ್ತವೆ. ಅಪ್‌ಡೇಟ್ ಒಂದಕ್ಕೆ ಹೋಗುತ್ತದೆ, ಅದು ಏಳದೆ ಹೋದರೆ ಫೋನ್ ಹಳೆಯದಕ್ಕೆ ಮರಳುತ್ತದೆ. ಆದರೆ ಫೋನಿನ ಸಂಗ್ರಹ ಗುಪ್ತಲಿಪಿಯಲ್ಲಿರುವುದರಿಂದ, ಫೋನ್ ಪೂರ್ತಿ ಏಳದೇ ಹೋದರೆ ಪೆನ್‌ಡ್ರೈವ್ ಹಾಕಿ ಒಳಗಿನ ಫೋಟೊ ತೆಗೆಯುವ ನಮ್ಮ ಉಪಾಯ ಅಲ್ಲಿ ನಡೆಯದು.

ರಿಪೇರಿ ಅಂಗಡಿಯವರಿಗೆ ಹೋಗಿ ನಡೆದದ್ದು ಹೇಳಿದೆವು. ಬೇಜಾರು ಮಾಡಿಕೊಳ್ಳಲಿಲ್ಲ. ‘ತಾರೀಖ ನೋಡಬೇಕಿತ್ತ ನೋಡ್ರಿ ನಾ’ ಅಂದರು. ಚಹಾ ತರಿಸಿದರು. ಧ್ವನಿಮುದ್ರಣಗಳು ಈಗ ಮೂರು ಕಡೆ ಇವೆ, ಅಕ್ಷರಕ್ಕಿಳಿಸುವ ಕೆಲಸ ನಡೆದಿದೆ. ಆ ಅಜ್ಜಿಯ ಮಾತೇ ಮೊದಲು ಬರುತ್ತದೆ.